ಓಟಗಾರ್ತಿ ಮರಳಿಸಿದ ಬೂಟು

“ಗುರುಗಳೇ, ನಮಗೆ ಉಪಕಾರ ಮಾಡಿದವರ ಕೊಡುಗೆಯಲ್ಲೇ ಕೊರತೆ ಕಂಡರೆ ಏನು ಮಾಡಬೇಕು? ಹೇಳಿದರೆ ಕೃತಘ್ನನಾಗುತ್ತೇನೆ. ಹೇಳದಿದ್ದರೆ ಮನಸ್ಸು ಚುಚ್ಚುತ್ತದೆ” ಎಂದು ಶಿಷ್ಯ ಮಲ್ಲಯ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಓಟಗಾರ್ತಿ ಇದ್ದಳು. ಹೊಟ್ಟೆಪಾಡಿಗೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಓಡುತ್ತಿದ್ದುದು ತನ್ನ ಖುಷಿಗೆ. ಅವಳದು ಬೆಳಗಿನಿಂದ ಸಂಜೆಯವರೆಗೆ ಬೆಟ್ಟ ಹತ್ತಿ ಇಳಿಯುವ ದೂರದ ಓಟ. ಕಾಲಿಗೆ ಸವೆದ ಬೂಟು, ಬೆನ್ನಿಗೆ ತಾನೇ ಹೊಲಿದುಕೊಂಡ ನೀರಿನ ಚೀಲ.

ಬೂಟು ತಯಾರಿಸುವ ಒಬ್ಬ ವ್ಯಾಪಾರಿ ಅವಳ ಓಟವನ್ನು ಕಂಡ. ಇವಳು ನನ್ನ ಬೂಟು ತೊಟ್ಟರೆ ನಾಲ್ಕು ಜನ ಕೊಳ್ಳುತ್ತಾರೆ ಎಂದುಕೊಂಡ. ಬೂಟು, ಅಂಗಿ, ಹೊಸ ಚೀಲ, ಪ್ರಯಾಣದ ಖರ್ಚು ಎಲ್ಲವನ್ನೂ ಕೊಟ್ಟ. ಅಂಗಿಯ ಮೇಲೆ ಅವನ ಹೆಸರಿತ್ತು. ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅವಳ ಅತ್ತೆ ಬೂಟಿನ ಪೆಟ್ಟಿಗೆಗೆ ಕುಂಕುಮ ಹಚ್ಚಿದರು. ಆ ವರ್ಷ ಅವಳು ಓಡಿದ ಕಡೆಯೆಲ್ಲ ವ್ಯಾಪಾರಿಯ ಹೆಸರೂ ಓಡಿತು.

ಮರುವರ್ಷ ದೊಡ್ಡ ಬೆಟ್ಟದ ಓಟ ಬಂತು. ವ್ಯಾಪಾರಿ ಅದಕ್ಕೆಂದೇ ಹೊಸ ಬಗೆಯ ಬೂಟು ಮಾಡಿಸಿ, ಮೊದಲ ಜೊತೆಯನ್ನು ಅವಳಿಗೆ ಕಳುಹಿಸಿದ. ಅದು ಹೂವಿನಷ್ಟು ಹಗುರ. ಒಣ ನೆಲದ ಮೇಲೆ ಕಾಲು ತಾನಾಗಿಯೇ ಓಡಿತು. ಆದರೆ ಒದ್ದೆ ಕಲ್ಲನ್ನು ಮೆಟ್ಟಿದೊಡನೆ ಜಾರಿತು. ಇನ್ನೊಮ್ಮೆ ಮೆಟ್ಟಿ ನೋಡಿದಳು, ಬಿದ್ದು ಮೊಣಕಾಲು ತರಚಿಕೊಂಡಳು. ಓಟದ ದಾರಿಯಲ್ಲಿ ಕಲ್ಲುಗಳ ಮೇಲೆ ದಾಟಬೇಕಾದ ಒಂದು ಹಳ್ಳವಿತ್ತು.

“ಹಾಕಿಕೊಂಡು ಫೋಟೊ ತೆಗೆಸಿಕೊ. ಓಡುವಾಗ ಹಳೆಯದನ್ನು ಹಾಕಿಕೊ. ಕೊಡುವ ಕೈಯನ್ನು ಯಾರಾದರೂ ದೂರ ಮಾಡಿಕೊಳ್ಳುತ್ತಾರೆಯೇ?” ಎಂದರು ಜೊತೆಯ ಓಟಗಾರರು.

ಅವಳಿಗೂ ಹಾಗೆನಿಸದೆ ಇರಲಿಲ್ಲ. ಆದರೆ ತನ್ನ ಫೋಟೊ ನೋಡಿ ಬೂಟು ಕೊಂಡವರು ಹಳ್ಳದಲ್ಲಿ ಬೀಳುವುದು ಕಣ್ಣಿಗೆ ಕಟ್ಟಿತು. ನೇರವಾಗಿ ವ್ಯಾಪಾರಿಯ ಬಳಿಗೆ ಹೋದಳು.

“ಸಾಹುಕಾರರೇ, ಈ ಬೂಟು ಒದ್ದೆ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ದಯವಿಟ್ಟು ಮಾರಬೇಡಿ.”

“ನಾನು ಕೊಟ್ಟದ್ದನ್ನು ತೊಟ್ಟು ನನಗೇ ಬುದ್ಧಿ ಹೇಳುತ್ತೀಯಾ?”

“ನೀವು ಕೊಟ್ಟಿದ್ದಕ್ಕೇ ಹೇಳುತ್ತಿದ್ದೇನೆ. ಪರರದಾಗಿದ್ದರೆ ಬಿಟ್ಟು ಸುಮ್ಮನಾಗುತ್ತಿದ್ದೆ.”

ವ್ಯಾಪಾರಿ ಮುಖ ತಿರುಗಿಸಿದ. ಅವಳು ಬೂಟು, ಅಂಗಿ, ಚೀಲ ಮೂರನ್ನೂ ಅವನ ಮುಂದಿಟ್ಟು, ಕೈಮುಗಿದು ಬಂದಳು. ತನ್ನ ಸವೆದ ಹಳೆಯ ಬೂಟಿಗೆ ಹೊಸ ಅಟ್ಟೆ ಹಾಕಿಸಿಕೊಂಡಳು.

ಓಟದ ದಿನ ಬಯಲಿನಲ್ಲಿ ವ್ಯಾಪಾರಿಯ ಅಂಗಡಿ ತೆರೆದಿತ್ತು. ಹಲವರು ಹೊಸ ಬೂಟು ಕೊಂಡು ತೊಟ್ಟರು. ಓಟ ಶುರುವಾದ ಮೇಲೆ ವ್ಯಾಪಾರಿ ಜೀಪು ಹತ್ತಿ ಹಳ್ಳದ ಬಳಿಗೆ ಹೋದ. ಅವಳ ಮಾತು ಸುಳ್ಳೆಂದು ಕಣ್ಣಾರೆ ನೋಡುವ ಹಟ ಅವನದು. ಅವನ ಕಾಲಿನಲ್ಲೂ ಅದೇ ಬೂಟು. ಓಟಗಾರರು ಇನ್ನೂ ಬಂದಿರಲಿಲ್ಲ. ಅವನೇ ಒಂದು ಕಲ್ಲನ್ನು ಮೆಟ್ಟಿದ. ಮರುಗಳಿಗೆಯಲ್ಲಿ ನೀರಿನಲ್ಲಿ ಕುಳಿತಿದ್ದ.

ಅವನು ಸದ್ದಿಲ್ಲದೆ ಜೀಪು ಹತ್ತಿ ಹೋಗಬಹುದಿತ್ತು. ಹೋಗಲಿಲ್ಲ. ತೊಡೆಮಟ್ಟದ ನೀರಿನಲ್ಲೇ ನಿಂತು, ಬಂದವರಿಗೆಲ್ಲ, “ನನ್ನ ಬೂಟು ಜಾರುತ್ತದೆ! ಕಲ್ಲು ಮೆಟ್ಟಬೇಡಿ, ನೀರಿಗಿಳಿದು ದಾಟಿ!” ಎಂದು ಕೂಗಿದ. ಅವಳು ಬಂದಾಗ ತಲೆ ತಗ್ಗಿಸಿದ.

“ಕೂಗುತ್ತಿರಿ ಸಾಹುಕಾರರೇ, ಹಿಂದೆ ಇನ್ನೂ ಬಹಳ ಜನ ಇದ್ದಾರೆ” ಎಂದು ಹೇಳಿ ಅವಳು ದಾಟಿದಳು.

ಅವಳ ಎದೆ ಹಗುರಾಯಿತು. ಮುಂದೆ ಇಬ್ಬರು ಹೆಂಗಸರು ಓಡುತ್ತಿದ್ದರು, ಇಬ್ಬರೂ ಅವಳಿಗಿಂತ ಚಿಕ್ಕವರು. ಕಡೆಯ ಏರಿನಲ್ಲಿ ಒಬ್ಬಳನ್ನು ಹಿಂದಿಕ್ಕಿದಳು. ಇಳಿಜಾರಿನಲ್ಲಿ ಮತ್ತೊಬ್ಬಳನ್ನು ಹಿಂದಿಕ್ಕಿದಳು. ಹೆಂಗಸರಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದಳು. ಜನ ಅವಳನ್ನು ಎತ್ತಿ ಕುಣಿಸಿದರು. ಹಳ್ಳದಲ್ಲಿ ಯಾರಿಗೂ ಪೆಟ್ಟಾಗಿರಲಿಲ್ಲ.

ವ್ಯಾಪಾರಿ ಒದ್ದೆ ಬಟ್ಟೆಯಲ್ಲಿ, ಬರಿಗಾಲಿನಲ್ಲಿ ಬಂದ. ಅಂಗಡಿ ಮುಚ್ಚಿಸಿ, ಕೊಂಡವರಿಗೆ ಹಣ ಹಿಂದಿರುಗಿಸಲು ಹೇಳಿದ. ಆಮೇಲೆ ಅವಳ ಎದುರು ನಿಂತ.

“ತಾಯಿ, ಇನ್ನು ಮುಂದೆ ನೀವು ಓಡಿ ನೋಡಿ ಒಪ್ಪದ ಬೂಟನ್ನು ನಾನು ಮಾರುವುದಿಲ್ಲ.”

“ಹಾಗಾದರೆ ನಿಮ್ಮ ಹೆಸರಿನ ಅಂಗಿ ಕೊಡಿ. ಪದಕವನ್ನು ಅದರ ಮೇಲೆಯೇ ಹಾಕಿಸಿಕೊಳ್ಳುತ್ತೇನೆ” ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಯ್ಯ, “ಆದರೂ ಗುರುಗಳೇ, ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳುತ್ತಾರಲ್ಲ?” ಎಂದ.

“ಎಣಿಸಬಾರದು, ಗೆದ್ದಲು ಕಂಡರೆ ಹೇಳದೆ ಕೈ ತೊಳೆಯಲೂ ಬಾರದು” ಎಂದರು ಗುರುಗಳು.