ಬಲಗಡೆಯ ಕಪ್ಪು

ಕಡಲ ದಡದಲ್ಲಿ ಒಬ್ಬ ಗುರುಗಳಿದ್ದರು. ಗಡ್ಡವಿಲ್ಲ, ಕಾವಿಯಿಲ್ಲ, ಕೂರಲು ಹುಲಿಚರ್ಮವೂ ಇಲ್ಲ. ಇದ್ದದ್ದು ಒಂದು ದೋಣಿ, ಒಂದು ಹೆಂಚಿನ ಮನೆ, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಗಾಳಿಯ ಸಿಲಿಂಡರುಗಳು. ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಸ್ಕೂಬಾ ವಿದ್ಯೆಯನ್ನು ಅವರು ಕಲಿಸುತ್ತಿದ್ದರು. ಹೆಸರು ಜಟ್ಟಪ್ಪ ಹರಿಕಂತ್ರ.

ಅವರ ಶಿಷ್ಯ ಕಳಕೇಶ ಗಜೇಂದ್ರಗಡದ ಕಡೆಯವನು. ನೀರೆಂದರೆ ಕೊಡದಲ್ಲಿ ಇರುವಂಥದ್ದು ಎಂದುಕೊಂಡೇ ಬೆಳೆದವನು. ಒಮ್ಮೆ ಇಲ್ಲಿಗೆ ಬಂದು, ಕಡಲೊಳಗೆ ಇಳಿದು, ಮೀನುಗಳ ನಡುವೆ ತೇಲಿ ಮೇಲೆ ಬಂದವನೇ, "ಗುರುಗಳೇ, ನಾ ಇಲ್ಲೇ ಇರ್ತೀನ್ರಿ" ಎಂದ. ಇದ್ದೇಬಿಟ್ಟ.

ದೋಣಿ ತೊಳೆದ. ಸಿಲಿಂಡರ್ ಹೊತ್ತ. ಗುರುಗಳ ಬೆನ್ನ ಹಿಂದೆ ಈಜಿ ಈಜಿ ವಿದ್ಯೆ ಕಲಿತ. ಕೊನೆಗೊಂದು ದಿನ ಗುರುಗಳು, "ಬರುವ ಭಾನುವಾರ ಹೊಸಬರನ್ನ ನೀನೇ ಕೆಳಗೆ ಕರ್ಕೊಂಡು ಹೋಗು" ಎಂದರು.

ಕಳಕೇಶನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಮಾತಿಗಾಗಿಯೇ ಅವನು ಇಷ್ಟು ವರ್ಷ ಕಾದಿದ್ದ.

ಆ ವಾರವೇ ಮಾಸ್ಕಿನ ತಕರಾರು ಶುರುವಾಯಿತು.

ಅವನಿಗೆ ಚಿಕ್ಕಂದಿನಿಂದಲೂ ದಪ್ಪ ಕನ್ನಡಕ. ನೀರಿನಲ್ಲಿ ಹಾಕುವ ಮಾಸ್ಕಿಗೂ ಅದೇ ನಂಬರಿನ ಗಾಜು.

"ಗುರುಗಳೇ, ಈ ಮಾಸ್ಕ್ ಬರೋಬರಿ ಇಲ್ರಿ. ಕಣ್ಣ ಮುಂದ ಕಸ ತೇಲಿದಂಗ ಆಗ್ತೈತಿ."

"ತೊಳಿ."

ತೊಳೆದ. ಮರುದಿನ ಮತ್ತೆ ಬಂದ.

"ನೀರಾಗ ಬಲಗಡೆ ಮಿಂಚು ಹೊಡದಂಗ ಕಾಣ್ತೈತ್ರಿ."

"ಎಂತ ಮಿಂಚು?"

"ಮೀನಿನ ಮೈಮ್ಯಾಲ ಬಿಸಲು ಬಿದ್ದಿರಬೇಕ್ರಿ." ಪ್ರಶ್ನೆ ತಂದವನೇ ಉತ್ತರವನ್ನೂ ತಂದಿದ್ದ.

ಶುಕ್ರವಾರದ ಹೊತ್ತಿಗೆ ಅವನು ಹಳೆಯ ಮಾಸ್ಕಿಗೆ ಬೈದು ಮೂಲೆಗೆ ಎಸೆದು, ತೆಗೆದಿಟ್ಟಿದ್ದ ಹೊಸದನ್ನು ಹಾಕಿಕೊಂಡ. ಅದೂ ಸರಿಯಿರಲಿಲ್ಲ. ಅದರ ಬಲ ಅಂಚು ಕಣ್ಣಿಗೆ ಅಡ್ಡ ಬರುತ್ತಿತ್ತು, ಕಪ್ಪಗೆ. ಪಟ್ಟಿ ಬಿಗಿ ಮಾಡಿದ, ಸಡಿಲ ಮಾಡಿದ. ಕಪ್ಪು ಕದಲಲಿಲ್ಲ. ಇದನ್ನು ಅವನು ಗುರುಗಳಿಗೆ ಹೇಳಲಿಲ್ಲ. ಭಾನುವಾರ ಹತ್ತಿರವಿತ್ತಲ್ಲ.

ಭಾನುವಾರ ಬೆಳಿಗ್ಗೆ ದೋಣಿ ಹೊರಟಿತು. ಹೊಸಬರು ನಾಲ್ಕು ಜನ. ಅವರಲ್ಲಿ ಎಲ್ಲರಿಗಿಂತ ಹೆದರಿದವರು ಒಬ್ಬ ಟೀಚರಮ್ಮ. ಕಳಕೇಶ ಅವರಿಗೆ ಧೈರ್ಯ ಹೇಳಿದ.

"ನೀವು ನನ್ನ ಬಲಕ್ಕ ಇರ್ರಿ, ಮೇಡಂ. ನಿಮ್ಮ ಮ್ಯಾಲ ಕಣ್ಣಿಟ್ಟಿರ್ತೀನಿ."

ನಡುಗಡ್ಡೆಯ ಬಳಿ ಲಂಗರು ಬಿಟ್ಟರು. ಎಲ್ಲರೂ ಸಿಲಿಂಡರ್ ಕಟ್ಟಿಕೊಂಡರು. ಕಳಕೇಶ ಮಾಸ್ಕ್ ಹಾಕಿದ, ತೆಗೆದ, ಒರೆಸಿದ, ಮತ್ತೆ ಹಾಕಿದ.

"ಎಂತ ಆಯ್ತು?" ಗುರುಗಳು ಕೇಳಿದರು.

"ಏನಿಲ್ರಿ. ಮಾಸ್ಕಿನ ಅಂಚು."

"ಯಾವ ಕಡೆ?"

"ಬಲಗಡೆ. ಸ್ವಲ್ಪ ಕಪ್ಪಗೆ ಅಡ್ಡ ಬರ್ತೈತಿ."

"ಮಾಸ್ಕ್ ತೆಗಿ."

ತೆಗೆದ.

"ಎಡಗಣ್ಣು ಮುಚ್ಚು. ಈಗ ಅಂಚು ಎಲ್ಲಿದೆ?"

ಕಳಕೇಶ ಬಲಗಣ್ಣೊಂದರಲ್ಲೇ ನೋಡಿದ. ಮಾಸ್ಕು ಅವನ ಕೈಯಲ್ಲಿತ್ತು. ಕಪ್ಪು ಅಲ್ಲೇ ಇತ್ತು, ಅರ್ಧ ಎಳೆದ ಪರದೆಯ ಹಾಗೆ. ಹೆದರಿಕೆ ಅಂದರೆ ಇದು ಎಂದು ಅವನಿಗೆ ಅವತ್ತು ಗೊತ್ತಾಯಿತು.

ಆದರೂ ಆಸೆ ಬಿಡಬೇಕಲ್ಲ. ಗುರುಗಳ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ. "ಇದೊಂದು ಸಲ ಇಳಿದು ಬರ್ತೀನ್ರಿ. ಬಂದ ಕೂಡ್ಲೆ ಡಾಕ್ಟರ್ ಕಡೆ ಹೋಗ್ತೀನಿ. ಆಣೆ ಮಾಡಿ ಹೇಳ್ತೀನಿ."

"ನಿನ್ನ ಬಲಕ್ಕೆ ಯಾರನ್ನ ನಿಲ್ಲಿಸಿದ್ದೆ, ತಮಾ?"

ಕಳಕೇಶ ತಿರುಗಿ ನೋಡಿದ. ಟೀಚರಮ್ಮ ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವನನ್ನೇ ನಂಬಿ ಕೂತಿದ್ದರು.

ಅವನು ಮಾಸ್ಕನ್ನು ಕೆಳಗಿಟ್ಟ.

ದಡದಲ್ಲಿ ಹೆಬ್ಬೆರಳು ಎತ್ತಿದರೆ ಭೇಷ್ ಎಂದು ಅರ್ಥ. ನೀರಿಗೆ ಇಳಿಯುವವರಲ್ಲಿ ಹಾಗಲ್ಲ. ಅವರಲ್ಲಿ ಅದಕ್ಕೆ ಸಾಕು, ಮೇಲೆ ಹೋಗೋಣ ಎಂದು ಅರ್ಥ. ಯಾರು ಬೇಕಾದರೂ ಎತ್ತಬಹುದು. ಎತ್ತಿದ ಮೇಲೆ ಯಾಕೆ ಎಂದು ಯಾರೂ ಕೇಳುವಂತಿಲ್ಲ, ಗುರುವೂ ಕೇಳುವಂತಿಲ್ಲ.

ಗುರುಗಳು ಹೆಬ್ಬೆರಳು ಎತ್ತಿದರು.

"ಇನ್ನೂ ಇಳಿದೇ ಇಲ್ಲವಲ್ಲ!" ಎಂದು ಹೊಸಬರಲ್ಲಿ ಒಬ್ಬ ಗೊಣಗಿದ. ಗುರುಗಳು ಲಂಗರು ಎಳೆದು ದೋಣಿ ತಿರುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಪಟ್ಟಣದ ಕಣ್ಣಾಸ್ಪತ್ರೆಯಲ್ಲಿದ್ದರು. ಡಾಕ್ಟರಮ್ಮ ಔಷಧಿ ಬಿಟ್ಟು, ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಕಣ್ಣಿನ ಹಿಂದೆ ರೆಟಿನಾ ಅಂತ ಪರದೆ ಇರುತ್ತದೆ. ಅದು ಹರಿದು ಕಳಚಿಕೊಳ್ಳುತ್ತಿದೆ. ಬೇಗ ಆಪರೇಷನ್ ಆಗಬೇಕು."

"ಕಡಲಾಗ ಇಳಿದಿದ್ದಕ್ಕ ಹಿಂಗಾತೇನ್ರಿ?"

"ಇಲ್ಲ. ನಿಮ್ಮ ಹಾಗೆ ನಂಬರ್ ಜಾಸ್ತಿ ಇರುವವರಿಗೆ ಹೀಗಾಗುವುದುಂಟು. ಕಸ, ಮಿಂಚು ಕಾಣಿಸಿದಾಗಲೇ ಬರಬೇಕಿತ್ತು."

ಆಪರೇಷನ್ ಆಯಿತು. ಕಳಚಿದ ಪರದೆಯನ್ನು ಒತ್ತಿ ಹಿಡಿಯಲೆಂದು ಕಣ್ಣೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ಬಿಟ್ಟರು. ಹಗಲೂ ಇರುಳೂ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದರು.

"ನಮ್ಮ ಊರಿಗೆ ಹೋಗಿ ಅವ್ವನ ಹತ್ರ ಇರ್ತೀನ್ರಿ" ಎಂದ ಕಳಕೇಶ.

"ಘಟ್ಟ ಹತ್ತಬೇಡಿ. ಎತ್ತರಕ್ಕೆ ಹೋದರೆ ಗುಳ್ಳೆ ಹಿಗ್ಗುತ್ತದೆ, ಕಣ್ಣು ಹೋಗುತ್ತದೆ. ಗುಳ್ಳೆ ಕರಗುವವರೆಗೆ ನೀರಿಗೂ ಇಳಿಯುವಂತಿಲ್ಲ."

ಆಳಕ್ಕೆ ಇಳಿದರೆ ಗಾಳಿ ಕುಗ್ಗುತ್ತದೆ, ಮೇಲೆ ಬಂದರೆ ಹಿಗ್ಗುತ್ತದೆ. ಸ್ಕೂಬಾ ಕಲಿಯಲು ಬಂದವರಿಗೆ ಮೊದಲ ಪಾಠವೇ ಅದು. ಬಲೂನು ತೋರಿಸಿ ಎಷ್ಟೋ ಜನರಿಗೆ ಅದನ್ನು ವಿವರಿಸಿದ್ದವನು ಕಳಕೇಶನೇ. ಈಗ ಆ ಬಲೂನು ಅವನ ಕಣ್ಣೊಳಗೇ ಬಂದು ಕೂತಿತ್ತು.

ಗುರುಗಳು ಅವನನ್ನು ತಮ್ಮ ಮನೆಗೆ ಕರೆತಂದರು.

ಮಂಚದ ಅಂಚಿನಾಚೆ ತಲೆ ಚಾಚಿ, ಕೆಳಮುಖವಾಗಿ ಮಲಗಿದ. ಕಾಣುತ್ತಿದ್ದದ್ದು ಕೆಂಪು ಗಾರೆ ನೆಲ, ಆಗಾಗ ಬಂದು ಹೋಗುವ ಗುರುಗಳ ಪಾದ. ಗಂಜಿಯನ್ನು ಕೊಳವೆಯಲ್ಲಿ ಹೀರಿದ. ಕುತ್ತಿಗೆ ನೋಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮನಸ್ಸು ನೋಯುತ್ತಿತ್ತು.

"ಮ್ಯಾಲೆ ಹತ್ತಂಗಿಲ್ಲ, ಕೆಳಗ ಇಳಿಯಂಗಿಲ್ಲ. ನಾ ಏನ್ ಮಾಡ್ಲಿ ಗುರುಗಳೇ?"

"ಇರು."

"ಇದ್ದು ಏನ್ ಮಾಡ್ಲಿ?"

ಪಾದಗಳು ಹೊರಗೆ ಹೋದವು, ತಿರುಗಿ ಬಂದವು. ಗುರುಗಳು ಅವನ ಎರಡೂ ಮಾಸ್ಕುಗಳನ್ನು ತಂದು, ಅವನ ಮುಖದ ಕೆಳಗೆ ನೆಲದ ಮೇಲೆ ಇಟ್ಟರು.

"ಇವೆರಡರಲ್ಲಿ ತಪ್ಪು ಯಾವುದರದ್ದು, ನೋಡಿ ಹೇಳು."

ಕಳಕೇಶ ಒಳ್ಳೆಯ ಕಣ್ಣಿನಿಂದ ನೋಡಿದ. ಬೆಳಿಗ್ಗೆ ನೋಡಿದ, ಸಂಜೆ ನೋಡಿದ. ನೋಡಲು ಬೇರೆ ಏನಿತ್ತು? ಗಾಜಿನಲ್ಲಿ ಒಂದು ಗೀರಿಲ್ಲ. ಅಂಚು ನೆಟ್ಟಗಿತ್ತು.

"ಎರಡೂ ಸರಿ ಅದಾವ್ರಿ" ಎಂದ ಮರುದಿನ.

"ಹಾಗಾದ್ರೆ ಬೈದದ್ದಕ್ಕೆ ಕ್ಷಮೆ ಕೇಳು. ಮೂಲೆಗೆ ಬೇರೆ ಎಸೆದಿದ್ದೆ ಪಾಪ."

ಕಳಕೇಶನಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಕೆಳಮುಖವಾಗಿದ್ದವನ ಕಣ್ಣೀರು ನೇರ ಮಾಸ್ಕಿನ ಗಾಜಿನ ಮೇಲೆ ಬಿತ್ತು.

"ನನಗ ಗೊತ್ತಿತ್ರಿ" ಎಂದ. "ಮಾಸ್ಕಿಂದಲ್ಲ ಅಂತ ಒಳಗೊಳಗ ಗೊತ್ತಿತ್ತು. ನಾ ಆ ಟೀಚರಮ್ಮನ್ನ ಕರ್ಕೊಂಡು ಹೋಗಿಬಿಡ್ತಿದ್ದೆ."

ಗುರುಗಳು ಮಾಸ್ಕ್ ಎತ್ತಿಕೊಂಡು ತಮ್ಮ ಲುಂಗಿಯ ತುದಿಯಿಂದ ಒರೆಸಿದರು. "ಗಂಜಿ ಆರ್ತಾ ಇದೆ. ಕುಡಿ."

ಗುಳ್ಳೆ ದಿನದಿನಕ್ಕೆ ಸಣ್ಣದಾಯಿತು, ಒಂದು ದಿನ ಕಾಣದಾಯಿತು. ಕಣ್ಣು ಉಳಿಯಿತು. ಬಲ ಅಂಚಿನಲ್ಲಿ ಮಾತ್ರ ಒಂದು ಪಟ್ಟಿ ಕಪ್ಪು ಹಾಗೇ ಉಳಿಯಿತು. ಅದು ಇನ್ನು ಹೋಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅವನು ಊರಿಗೆ ಹೋಗಿ ಅವ್ವನ ಕೈಯ ರೊಟ್ಟಿ ತಿಂದು ಬಂದ. ಕೆಲವು ತಿಂಗಳು ಕಳೆದ ಮೇಲೆ ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, ನೀರಿಗೆ ಇಳಿಯಬಹುದು ಎಂದರು.

ಈಗ ಕಳಕೇಶನಿಗೇ ಬೇಡವಾಗಿತ್ತು.

"ನಾ ಸಿಲಿಂಡರ್ ತುಂಬಿಸ್ತೀನ್ರಿ, ದೋಣಿ ನೋಡ್ಕೋತೀನಿ. ಜನರನ್ನ ಕರ್ಕೊಂಡು ಇಳಿಯೋದು ಒಲ್ಲೆ. ಬಲಗಡೆ ಕಾಣವಲ್ದು."

ಗುರುಗಳು, "ಬಾ, ನಾವಿಬ್ಬರೇ ಒಂದು ಸುತ್ತು ಹೋಗಿ ಬರುವ" ಎಂದರು.

ಇಳಿದರು. ಕೆಳಗೆ ನೀರು ತಿಳಿಯಾಗಿತ್ತು. ಹಳದಿ ಮೀನುಗಳ ಹಿಂಡೊಂದು ಅವನನ್ನು ಕಂಡು ಎರಡಾಗಿ ಒಡೆದು ಮತ್ತೆ ಕೂಡಿಕೊಂಡಿತು. ಕಳಕೇಶನ ಎದೆ ತುಂಬಿ ಬಂತು. ಸ್ವಲ್ಪ ಹೊತ್ತಿಗೆ ನೋಡಿದರೆ ಗುರುಗಳಿಲ್ಲ. ಎಡಕ್ಕಿಲ್ಲ, ಮುಂದಿಲ್ಲ. ಗಾಬರಿಯಿಂದ ಕತ್ತು ಪೂರ್ತಿ ಬಲಕ್ಕೆ ತಿರುಗಿಸಿದ.

ಪಕ್ಕದಲ್ಲೇ ಇದ್ದರು, ಕೈಗೆಟಕುವಷ್ಟು ಹತ್ತಿರ.

ಮೇಲೆ ಬಂದು ದೋಣಿಯ ಅಂಚು ಹಿಡಿದು ತೇಲುತ್ತಾ ಕಳಕೇಶ ಹೇಳಿದ. "ನೋಡಿದ್ರಿಲ್ಲ, ನೀವಿದ್ದದ್ದೇ ನನಗ ಗೊತ್ತಾಗ್ಲಿಲ್ಲ."

"ಆಮೇಲೆ ಗೊತ್ತಾಯ್ತಲ್ಲ?"

"ಕತ್ತು ತಿರುಗಿಸಿದ ಮ್ಯಾಲ."

"ಮತ್ತೆ ಕತ್ತು ಇರೋದು ಎಂತಕ್ಕೆ, ತಮಾ? ಮಾಲೆ ಹಾಕಿಸ್ಕೊಳ್ಳೋದಕ್ಕಾ?"

ಮುಂದಿನ ಭಾನುವಾರ ದೋಣಿಯಲ್ಲಿ ಮತ್ತೆ ಹೊಸಬರು. ಗುರುಗಳು ಲಂಗರು ಬಿಟ್ಟು, ಚುಕ್ಕಾಣಿಯ ಬಳಿ ಕೂತು, ಮಾತಾಡು ಎಂಬಂತೆ ಗಲ್ಲ ಎತ್ತಿದರು.

ಕಳಕೇಶ ಎದ್ದು ನಿಂತ.

"ಇಳಿಯೋಕ್ಕಿಂತ ಮೊದಲ ಒಂದು ಮಾತು ಹೇಳ್ತೀನ್ರಿ. ನನಗ ಬಲಗಣ್ಣಿನ ಅಂಚಿನಾಗ ಕಾಣೂದಿಲ್ಲ. ಹಂಗಾಗಿ ಎಲ್ಲಾರೂ ನನ್ನ ಎಡಕ್ಕ ಇರ್ರಿ. ಬಲಕ್ಕ ಗುರುಗಳು ಇರ್ತಾರ. ನಾನು ಆಗಾಗ ಕತ್ತು ತಿರುಗಿಸಿ ನೋಡ್ತಿರ್ತೀನಿ. ಯಾರಿಗಾದ್ರೂ ಬ್ಯಾಡ ಅನ್ನಿಸಿದ್ರ ಹೆಬ್ಬೆರಳು ಎತ್ರಿ, ಯಾಕಂತ ನಾ ಕೇಳೂದಿಲ್ಲ."

ಹೊಸಬರಲ್ಲಿ ಒಬ್ಬರು ವಕೀಲರು, ದನಿ ದೊಡ್ಡದು. ಹತ್ತು ದೇಶದ ಕಡಲಲ್ಲಿ ಈಜಿದ್ದೇನೆ ಎಂದು ಬೆಳಿಗ್ಗೆಯಿಂದ ಹೇಳುತ್ತಾ ಬಂದಿದ್ದವರು. ಅವರು ಕಳಕೇಶನನ್ನು ದಾಟಿ ಗುರುಗಳ ಕಡೆ ತಿರುಗಿದರು.

"ಏನ್ರೀ ಇದು? ಒಂದು ಕಡೆ ಕಣ್ಣೇ ಕಾಣದವನನ್ನ ನಂಬಿ ನಾವು ನೀರಿಗೆ ಇಳೀಬೇಕಾ?"

ಕಳಕೇಶ ತಲೆ ತಗ್ಗಿಸಲಿಲ್ಲ.

ಗುರುಗಳು ಸಿಲಿಂಡರ್ ಬೆನ್ನಿಗೇರಿಸಿಕೊಂಡು, ಪಟ್ಟಿ ಬಿಗಿದು, ಎದ್ದು ಶಿಷ್ಯನ ಬಲಕ್ಕೆ ಬಂದು ನಿಂತರು.

"ಅವನು ತನಗೆ ಕಾಣದ್ದು ಯಾವ ಕಡೆ ಅಂತ ಹೇಳಿದ, ವಕೀಲರೇ. ಇನ್ನು ನಿಮ್ಮದು ಹೇಳಿ."