ಕಟ್ಟೆಯವನ ಕುಡಿಕೆಗಳು

“ಬುದ್ಧಿ, ಎರಡು ದಾರಿಯೂ ಒಂದೇ ಬಾಗಿಲಿಗೆ ಹೋಗುವುದಾದರೆ ಯಾವುದನ್ನು ಹಿಡಿದರೇನು?” ಎಂದು ಕೊಟ್ರೇಶ ಗುರುಗಳನ್ನು ಕೇಳಿದ.

ಕೊಟ್ರೇಶ ಮಠದ ಶಿಷ್ಯ. ಮಠದ ಕಂಪ್ಯೂಟರ್ ಕೆಲಸವೆಲ್ಲ ಅವನದು. ಮುಂದಿನ ತಿಂಗಳು ಮಠದಲ್ಲಿ ಕುಡಿತ ಬಿಡಿಸುವ ಶಿಬಿರವಿತ್ತು. ಬರುವವರು ತಮ್ಮ ಮೊಬೈಲಿನಲ್ಲೇ ಜಾಗ ಕಾದಿರಿಸಿಕೊಳ್ಳಲಿ ಎಂದು ಅವನೊಂದು ನಮೂನೆ ಮಾಡಿದ್ದ. ಅದರ ಲಿಂಕು ಮಾತ್ರ ಗೇಣುದ್ದ. ಶಿಬಿರದ ಕರಪತ್ರದಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ನೋಡಿಕೊಂಡು ಟೈಪ್ ಮಾಡುವವರು ಒಂದಕ್ಷರ ತಪ್ಪಿದರೂ ಎಲ್ಲಿಗೂ ತಲುಪುತ್ತಿರಲಿಲ್ಲ. ಅದನ್ನು ಆರೇಳು ಅಕ್ಷರಕ್ಕೆ ಇಳಿಸಬೇಕಿತ್ತು.

ಇಳಿಸಿಕೊಡುವ ಎರಡು ವ್ಯವಸ್ಥೆಗಳನ್ನು ಅವನು ನೋಡಿಟ್ಟಿದ್ದ. ಒಂದು, ಎಲ್ಲರೂ ಬಳಸುವ ಒಂದು ಕಂಪನಿಯದು. ಪುಕ್ಕಟೆ, ಕ್ಷಣದ ಕೆಲಸ. ಇನ್ನೊಂದು ಮುಕ್ತ ತಂತ್ರಾಂಶ. ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಿ ನೋಡಬಹುದು, ತಮ್ಮದೇ ಯಂತ್ರದಲ್ಲಿ ಕೂರಿಸಿಕೊಳ್ಳಬಹುದು. ನಾವಾಗಿ ಹೇಳದ ಹೊರತು ಅದು ಲಿಂಕು ಒತ್ತಿದವರ ಗುರುತು ಹಿಡಿದಿಡುವುದಿಲ್ಲ. ಆದರೆ ಕೂರಿಸಲು ಎರಡು ದಿನ ಬೇಕು, ಆಮೇಲೂ ನೋಡಿಕೊಳ್ಳುತ್ತಿರಬೇಕು. ಕರಪತ್ರದ ಅಚ್ಚಿನವನು ಆಗಲೇ ಎರಡು ಸಲ ಫೋನ್ ಮಾಡಿದ್ದ.

ಗುರುಗಳು ಪೀಠಕ್ಕೆ ಬರುವ ಮೊದಲು ಬೇಳೆಕಾಳಿನ ಮಂಡಿ ನಡೆಸಿದವರು. ಚೀಲದೊಳಗೆ ಕೈ ಹಾಕದೆ ಸರಕಿನ ಮಾತು ಆಡಿದವರಲ್ಲ.

“ಪುಕ್ಕಟೆ ಕೊಡುವವನು ಊಟ ಎಲ್ಲಿ ಮಾಡುತ್ತಾನಪ್ಪ?” ಎಂದರು.

ಅದು ಕೊಟ್ರೇಶನಿಗೆ ಗೊತ್ತಿರಲಿಲ್ಲ. ಆದರೂ ಭಯವಿಲ್ಲ ಎಂದ. ನಮೂನೆಯಲ್ಲಿ ತಾನು ಯಾರ ಹೆಸರನ್ನೂ ಕೇಳಿಲ್ಲ, ಬರುವವರಿಗೆ ಒಂದು ಸಂಖ್ಯೆ ಕೊಡುತ್ತೇನೆ ಅಷ್ಟೇ, ಹೆಸರೇ ಇಲ್ಲದ ಮೇಲೆ ಗುಟ್ಟು ಹೊರಬೀಳುವುದಾದರೂ ಹೇಗೆ ಎಂದು ವಿವರಿಸಿದ. ಗುರುಗಳು ಕಾಲು ಮಡಚಿ ಕುಳಿತು ಈ ಕತೆ ಹೇಳಿದರು.

ಒಂದು ಊರಿನ ಆಚೆ ಒಬ್ಬ ವೈದ್ಯೆ ಇದ್ದಳು. ಚರ್ಮದ ರೋಗಕ್ಕೆ ಅವಳ ಔಷಧಿ ಹೆಸರುವಾಸಿ. ತೊನ್ನು, ಕಜ್ಜಿ, ಇಸುಬು, ಎಲ್ಲಕ್ಕೂ ಕೊಡುತ್ತಿದ್ದಳು. ಜನ ಮೈಮೇಲಿನ ರೋಗಕ್ಕಿಂತ ಊರಿನ ಬಾಯಿಗೆ ಹೆಚ್ಚು ಹೆದರುತ್ತಿದ್ದರು. ಅದಕ್ಕೆಂದೇ ಅವಳ ಮನೆಯಲ್ಲಿ ಒಂದು ಪದ್ಧತಿ. ಬಂದವರ ಹೆಸರು ಕೇಳುತ್ತಿರಲಿಲ್ಲ. ಅವರಿಗೆ ಕೊಡುವ ಸೊಪ್ಪಿನ ಹೆಸರಿನಿಂದಲೇ ಅವರನ್ನು ಕರೆಯುತ್ತಿದ್ದಳು. ತುಂಬೆ ಒಳಗೆ ಬಾರಪ್ಪ, ಲೋಳೆಸರ ಸ್ವಲ್ಪ ಕೂತಿರವ್ವ, ಎನ್ನುತ್ತಿದ್ದಳು. ಗೊತ್ತಿಲ್ಲದ ಹೆಸರು ಬಾಯಿ ತಪ್ಪಿ ಬರುವುದಿಲ್ಲ ಎಂಬುದು ಅವಳ ಧೈರ್ಯ.

ತೊಡಕು ಒಂದೇ. ಅವಳ ಮನೆಗೆ ದಾರಿ ಹೇಳುವುದು ಕಷ್ಟ. ಗಾಣದ ಹಿಂದೆ ತಿರುಗಿ, ಹಳ್ಳ ದಾಟಿ, ಕವಲಿನಲ್ಲಿ ಎಡಕ್ಕೆ, ಕುಂಬಾರರ ಆವಿಗೆ ಕಂಡ ಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ಅರ್ಧ ಜನ ತಪ್ಪಿಸಿಕೊಂಡು ಹಿಂದಿರುಗುತ್ತಿದ್ದರು. ದಾರಿಯಲ್ಲಿ ಇನ್ನೊಬ್ಬರನ್ನು ಕೇಳೋಣವೆಂದರೆ ನಾಚಿಕೆ.

ಒಂದು ದಿನ ಒಬ್ಬ ಮನುಷ್ಯ ಅವಳಲ್ಲಿಗೆ ಬಂದ. ಊರ ಮುಂದಿನ ಅರಳಿಕಟ್ಟೆಯ ಹಿಂದೆ ಹತ್ತಾರು ಕಾಲುದಾರಿಗಳಿದ್ದವು. ಯಾವುದು ಎಲ್ಲಿಗೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ತಾನು ಕಟ್ಟೆಯ ಮೇಲೆ ಕೂತಿರುತ್ತೇನೆ, ರೋಗಿಗಳು ‘ನೆಲ್ಲಿ’ ಎಂದು ಒಂದು ಮಾತು ಹೇಳಲಿ, ನಿಮ್ಮ ಮನೆಯ ಹತ್ತಿರದ ದಾರಿಗೆ ಬಿಡುತ್ತೇನೆ ಎಂದ. ಏನು ಕೊಡಬೇಕು ಎಂದು ವೈದ್ಯೆ ಕೇಳಿದಳು. ಏನೂ ಬೇಡ ಎಂದ.

ವೈದ್ಯೆ ಒಪ್ಪಿದಳು. ಊರೆಲ್ಲ ‘ನೆಲ್ಲಿ’ ಕಲಿಯಿತು. ಮನೆ ತುಂಬ ರೋಗಿಗಳಾದರು. ಉದ್ದದ ದಾರಿಯನ್ನು ಜನ ಮರೆತರು. ಅವಳೂ ಹೇಳಿಕೊಡುವುದನ್ನು ಬಿಟ್ಟಳು.

ಕಟ್ಟೆಯವನು ಮೊದಲ ದಿನ ತಲೆಗೊಂದರಂತೆ ಹುಣಸೆ ಬೀಜ ಎತ್ತಿಟ್ಟ. ದಿನಕ್ಕೆ ಎಷ್ಟು ಜನ ಹೋಗುತ್ತಾರೆಂದು ನೋಡುವ ಕುತೂಹಲ, ಅಷ್ಟೇ. ಅದರಿಂದ ಯಾರಿಗೂ ಏನೂ ಕೆಡಲಿಲ್ಲ. ವಾರ ಕಳೆದ ಮೇಲೆ ಯಾವ ಕೇರಿಯಿಂದ ಎಷ್ಟು ಎಂದು ತಿಳಿಯುವ ಆಸೆಯಾಯಿತು. ಕೇರಿಗೊಂದು ಕುಡಿಕೆ ಇಟ್ಟ. ತಿಂಗಳು ತುಂಬುವಷ್ಟರಲ್ಲಿ, ಯಾವ ಕುಡಿಕೆಯ ಯಾವ ಬೀಜ ಯಾರದೆಂದು ಅವನಿಗೆ ಬಾಯಿಪಾಠವಾಗಿತ್ತು.

ಆ ಊರಿನಲ್ಲಿ ಇಬ್ಬರು ಮಿಠಾಯಿಯವರು, ಎದುರುಬದುರು ಅಂಗಡಿ. ಅವರಲ್ಲಿ ಒಬ್ಬನ ತಾಯಿಗೆ ಹಿಮ್ಮಡಿ ಒಡೆದು ನಡೆಯಲಾಗುತ್ತಿರಲಿಲ್ಲ. ಅವಳಿಗೆ ಮುಲಾಮು ತರಲು ಮಗ ನಾಲ್ಕು ಸಲ ಕಟ್ಟೆಗೆ ಹೋಗಿ ‘ನೆಲ್ಲಿ’ ಎಂದ. ಐದನೆಯ ಸಲ ಹೋಗುವ ಹೊತ್ತಿಗೆ ಅವನ ಲಾಡು ಕೇಳುವವರಿರಲಿಲ್ಲ. ಮದುವೆಗೆ ಹೇಳಿಹೋಗಿದ್ದವರು ಕೂಡ ಎದುರು ಅಂಗಡಿಗೆ ಹೋದರು. ಅವನು ವೈದ್ಯೆಯ ಮುಂದೆ ನಿಂತು ಎರಡೂ ಕೈ ಚಾಚಿದ. ಒಂದು ಕಲೆಯೂ ಇರಲಿಲ್ಲ.

“ನೀವು ಹೆಸರು ಕೇಳಲಿಲ್ಲವ್ವ. ಮತ್ತೆ ಊರಿಗೆ ಹೇಳಿದವರು ಯಾರು?” ಎಂದ.

ವೈದ್ಯೆ ನೆಟ್ಟಗೆ ಕಟ್ಟೆಗೆ ಹೋದಳು. ಕುಡಿಕೆಗಳು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಎದುರು ಅಂಗಡಿಯ ಲಾಡಿನ ಪೊಟ್ಟಣ. ದಿನಕ್ಕೊಂದು ಬರುತ್ತಿತ್ತಂತೆ. ಪುಕ್ಕಟೆ ಕೂತವನ ಮೈ ಯಾಕೆ ತುಂಬಿಕೊಳ್ಳುತ್ತಿದೆ ಎಂಬುದು ಅವಳಿಗೆ ಆಗ ತಿಳಿಯಿತು. ಕೇಳಿದ್ದಕ್ಕೆ ಅವನು ಸಿಟ್ಟಾಗಲಿಲ್ಲ, ಅಡಗಿಸಲೂ ಇಲ್ಲ.

“ರೋಗದ ಮಾತು ನಾನು ಆಡಿಲ್ಲ ತಾಯಿ. ಯಾರು ಯಾವ ದಾರಿ ಹಿಡಿದರು ಅಂತ ಹೇಳಿದೆ. ಉಳಿದದ್ದನ್ನು ಊರೇ ಸೇರಿಸಿಕೊಂಡಿತು,” ಎಂದ.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ತನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದ ವೈದ್ಯೆ ದಾರಿಯ ಬಾಯನ್ನು ತೆರೆದೇ ಬಿಟ್ಟಿದ್ದಳು. ಇನ್ನು ನಿನ್ನ ಸಹವಾಸ ಸಾಕು ಎಂದಳು. ಆಗಲಿ ಎಂದ. ಆದರೆ ‘ನೆಲ್ಲಿ’ ಕಟ್ಟೆಯ ಮಾತು, ನಿಮ್ಮದಲ್ಲ ಎಂದೂ ಹೇಳಿದ. ಮರುದಿನದಿಂದ ‘ನೆಲ್ಲಿ’ ಎಂದವರನ್ನೆಲ್ಲ ಬೂದಿ ಮಂತ್ರಿಸಿ ಕೊಡುವವನ ಮನೆಯ ದಾರಿಗೆ ಬಿಡತೊಡಗಿದ. ವೈದ್ಯೆಯ ಅಂಗಳ ಬರಿದಾಯಿತು.

ಆ ವಾರ ಅವಳ ಮನೆಗೆ ಬಂದವನು ಒಬ್ಬನೇ. ಎತ್ತಿನ ಮೇಲೆ ಉಪ್ಪು ಹೇರಿ ಊರೂರು ತಿರುಗುವ ವ್ಯಾಪಾರಿ. ಚೀಲ ಉಜ್ಜಿ ಅವನ ಹೆಗಲು ಹುಣ್ಣಾಗಿತ್ತು. ಅವಳ ಪಾಡು ಕೇಳಿ ಅವನು ತಮ್ಮ ಜನ ದಾರಿಗೆ ಇಡುವ ಗುರುತನ್ನು ತೋರಿಸಿಕೊಟ್ಟ. ಎಡಕ್ಕೆ ತಿರುಗುವಲ್ಲಿ ಒಂದರ ಮೇಲೊಂದು ಎರಡು ಕಲ್ಲು, ಬಲಕ್ಕೆ ತಿರುಗುವಲ್ಲಿ ಮೂರು. ಇದು ಯಾರಪ್ಪನ ಆಸ್ತಿಯೂ ಅಲ್ಲ. ಸರಿ ಇದೆಯೇ ಎಂದು ಯಾರು ಬೇಕಾದರೂ ನಡೆದು ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಎಲ್ಲರಿಗೂ ಗೊತ್ತಿರುವ ಗುರುತಿನಲ್ಲಿ ನನ್ನ ರೋಗಿಗಳ ಗುಟ್ಟು ಎಲ್ಲಿ ಉಳಿದೀತು ಎಂದು ವೈದ್ಯೆ ಅನುಮಾನಿಸಿದಳು.

“ಗುರುತು ಬಯಲಾಗಿರಲಿ ತಾಯಿ, ನಡೆದವರು ಬಯಲಾಗದಿದ್ದರೆ ಸಾಕು. ಕಲ್ಲಿಗೆ ಕಣ್ಣಿಲ್ಲ,” ಎಂದ ವ್ಯಾಪಾರಿ.

ಮುಂದೆ, ಗಾಣದಿಂದ ಕಲ್ಲು ಹಿಡಿದು ಬನ್ನಿ ಎಂದರೆ ಸಾಕಾಯಿತು. ಆದರೆ ಅದು ಪುಕ್ಕಟೆಯಾಗಿರಲಿಲ್ಲ. ಮಳೆಗೆ ಕಲ್ಲು ಉರುಳುತ್ತಿದ್ದವು, ದನ ತಾಗಿ ಬೀಳುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ವೈದ್ಯೆ ಸೆರಗು ಸಿಕ್ಕಿಸಿಕೊಂಡು ಹೊರಟು ತಾನೇ ಪೇರಿಸಿ ಬರುತ್ತಿದ್ದಳು. ಮಿಠಾಯಿಯವನ ಅಂಗಡಿ ಮತ್ತೆ ತೆರೆಯಲಿಲ್ಲ. ಅವನ ಹಾಗೆ ಇನ್ಯಾರ ಅಂಗಡಿಯೂ ಮುಚ್ಚಲಿಲ್ಲ, ಅಷ್ಟೇ.

ಕತೆ ಮುಗಿಯಿತು. ಕೊಟ್ರೇಶನಿಗೆ ತನ್ನ ಹೆಸರಿಲ್ಲದ ನಮೂನೆ ನೆನಪಾಯಿತು. ಅದನ್ನು ಒತ್ತುವವರು ಯಾರ್ಯಾರೆಂದು ಯೋಚಿಸಿದ. ಒಬ್ಬ ಬಸ್ಸಿನ ಚಾಲಕ ಇರಬಹುದು. ಒಬ್ಬ ಮೇಷ್ಟ್ರು ಇರಬಹುದು. ತಾವು ಕುಡಿಯದೆ, ತಮ್ಮನಿಗಾಗಿ ಒತ್ತುವವರೂ ಇರಬಹುದು. ಅಲ್ಲಿಯೇ ಅಚ್ಚಿನವನಿಗೆ ಫೋನ್ ಮಾಡಿ ಎರಡು ದಿನ ತಡೆಯಲು ಹೇಳಿದ. ಮುಕ್ತ ತಂತ್ರಾಂಶವನ್ನೇ ಮಠದ ಯಂತ್ರದಲ್ಲಿ ಕೂರಿಸುತ್ತೇನೆ, ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸುವುದು ನನ್ನ ಪಾಲಿನ ಕೆಲಸ ಎಂದು ಗುರುಗಳಿಗೆ ಕೈಮುಗಿದ. ಬಾಗಿಲವರೆಗೆ ಹೋದವನು ತಿರುಗಿ ನಿಂತ.

“ಅದರಲ್ಲಿ ಬೇಕೆಂದರೆ ಒಂದು ಲೆಕ್ಕ ಇಡಬಹುದು ಬುದ್ಧಿ. ಯಾರು ಅಂತಲ್ಲ. ಯಾವ ಊರಿನಿಂದ ಎಷ್ಟು ಜನ ಒತ್ತಿದರು ಅಂತ. ಸುಮ್ಮನೆ, ಕುತೂಹಲಕ್ಕೆ.”

ಗುರುಗಳು ಅವನನ್ನೇ ನೋಡಿದರು.

“ಕಟ್ಟೆಯವನು ಕುಡಿಕೆ ಇಡುವುದಕ್ಕೆ ಒಂದು ವಾರ ತೆಗೆದುಕೊಂಡಿದ್ದನಪ್ಪ, ನೀನು ಮೊದಲ ದಿನವೇ ಇಟ್ಟೆ.”