ವಾಟರ್ ಪಂಪಿನ ಮೂರನೇ ಬೋಲ್ಟು

ಹೊಳೆ ದಂಡೆಯ ಗ್ಯಾರೇಜಿಗೆ ಆ ಲಾರಿ ಎರಡನೇ ಸಲ ಬಂದದ್ದು ತನ್ನ ಬಲದ ಮೇಲಲ್ಲ, ಇನ್ನೊಂದು ಲಾರಿಯ ಹಿಂದೆ ಸರಪಳಿ ಕಟ್ಟಿಸಿಕೊಂಡು.

ಮೊನ್ನೆ ಹೊಸ ವಾಟರ್ ಪಂಪ್ ಹಾಕಿಸಿಕೊಂಡು ಮದುವಣಗಿತ್ತಿಯ ಹಾಗೆ ಹೊರಟಿತ್ತು. ಘಾಟಿಯ ಅರ್ಧದಲ್ಲಿ ನೀರೆಲ್ಲ ಸೋರಿ, ಎಂಜಿನ್ ಕುದ್ದು, ಈಗ ತವರಿಗೆ ಅಟ್ಟಿಸಿಕೊಂಡ ಸೊಸೆಯ ಹಾಗೆ ನಿಂತಿತ್ತು.

ಡ್ರೈವರ್ ಹಾಲಪ್ಪ ಇಳಿದವನೇ ಕೂಗಾಡಿದ. "ಯಾವನ್ರೀ ಸಾಬ್ರೇ ಈ ಪಂಪ್ ಕೂರ್ಸಿದ್ದು? ಎಂಜಿನ್ ಹಿಡಿದಿದ್ರೆ ನಮ್ಮ ಓನರು ನನ್ನ ಚರ್ಮ ಸುಲೀತಿದ್ದ!"

ಉಸ್ತಾದ್ ಬುಡೆನ್‌ಸಾಬರು ಶಿಷ್ಯ ಓಬಳೇಶನ ಮುಖ ನೋಡಿದರು. ಓಬಳೇಶ ನೆಲ ನೋಡಿದ.

"ವೀರಭದ್ರ, ಉಸ್ತಾದ್."

ವೀರಭದ್ರ ಅವನ ಜೊತೆಗಾರ. ತಂಗಿಯ ಸೀಮಂತಕ್ಕೆಂದು ರಜಾ ಹಾಕಿ ಹೋಗಿದ್ದ. ಎದುರಿಗಿಲ್ಲದವನ ಹೆಸರು ನಾಲಿಗೆಗೆ ಎಷ್ಟು ಸಲೀಸು ನೋಡಿ!

"ಹಂಗಾದ್ರೆ ಅವನನ್ನ ಬಿಡಿಸ್ರಿ. ಅವನಿಲ್ಲಿರೋ ತನಕ ನಮ್ಮ ಓನರಿನ ಒಂದು ಗಾಡೀನೂ ಈ ಕಡೆ ತಿರುಗಲ್ಲ," ಅಂದು ಹಾಲಪ್ಪ ಚಾದಂಗಡಿಯ ಕಡೆ ನಡೆದ.

ಉಸ್ತಾದರು ಅಂದದ್ದು ಒಂದೇ ಮಾತು. "ಬಿಚ್ಚು."

ಓಬಳೇಶ ಬಿಚ್ಚಿದ. ಮೂರನೇ ಬೋಲ್ಟಿಗೆ ಸ್ಪ್ಯಾನರೇ ಬೇಕಾಗಲಿಲ್ಲ, ಬೆರಳಿಗೇ ಬಂತು. ಅದರ ಮೈಗೆ ಹತ್ತಿ ದಾರ ಸುತ್ತಿ ಅಂಟು ಬಳಿದಿತ್ತು. ತೂತಿನೊಳಗೆ ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ಡಿನ ಗೆರೆಗಳು ಇಲಿ ಕಡಿದ ರೊಟ್ಟಿಯ ಅಂಚಿನ ಹಾಗೆ.

"ಹತ್ತಿ ದಾರ ಸುತ್ತೋದು ನಲ್ಲಿ ರಿಪೇರಿಯವರ ವಿದ್ಯೆ," ಅಂದರು ಉಸ್ತಾದರು. "ವೀರಭದ್ರನ ಮನೇಲಿ ಯಾರಪ್ಪಾ ನಲ್ಲಿ ರಿಪೇರಿಯವರು?"

"ಯಾರೂ ಇಲ್ಲ, ಉಸ್ತಾದ್."

"ನಿಮ್ಮಪ್ಪ ಆರಾಮಾ?"

ಓಬಳೇಶನಿಗೆ ಕೆಮ್ಮು ಬಂತು.

ಬೋಲ್ಟನ್ನು ಮೊದಲು ಬೆರಳಲ್ಲಿ ಕೂರಿಸು, ಆಮೇಲೆ ಸ್ಪ್ಯಾನರ್ ಮುಟ್ಟು ಅಂತ ಎಂಟು ವರ್ಷದಿಂದ ಉಸ್ತಾದರ ಬಾಯಲ್ಲಿ ಕೇಳುತ್ತಿದ್ದ. ಆದರೆ ಮೊನ್ನೆ ಸಂಜೆ ಜೇಬಲ್ಲಿ ಎರಡು ಸಿನಿಮಾ ಟಿಕೆಟ್ಟಿದ್ದವು. ಪಕ್ಕದ ಸೀಟು ಯಾರದೆಂದು ಊರಿಗೇ ಗೊತ್ತು, ಅವಳ ಅಣ್ಣನಿಗೊಬ್ಬನಿಗೆ ಬಿಟ್ಟು. ಅವಸರದಲ್ಲಿ ಸ್ಪ್ಯಾನರ್ ಹಾಕಿ ಎಳೆದ. ಬೋಲ್ಟು ಸೊಟ್ಟಗೆ ಹತ್ತಿ ಒಳಗೆಲ್ಲ ಕಡಿದುಕೊಂಡು ಹೋಯಿತು.

ಉಸ್ತಾದರು ಒಳಗಿಂದ ಟ್ಯಾಪು ತಂದರು. ಹೊಸ ಥ್ರೆಡ್ಡು ಕೊರೆಯುವ ಆ ಸಲಕರಣೆಯನ್ನು ಓಬಳೇಶ ಕೆಲಸಕ್ಕೆ ಸೇರಿದಾಗಿನಿಂದ ಅವರು ಯಾರ ಕೈಗೂ ಕೊಟ್ಟವರಲ್ಲ.

"ಇವತ್ತು ನೀನು ಕೊರಿ."

ಓಬಳೇಶ ಮೊದಲು ಡ್ರಿಲ್ಲಿನಿಂದ ತೂತು ದೊಡ್ಡದು ಮಾಡಿದ. ಆಮೇಲೆ ಟ್ಯಾಪಿಗೆ ಎಣ್ಣೆ ಹಚ್ಚಿ ತಿರುಗಿಸತೊಡಗಿದ.

"ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ."

"ಹಿಂದೆ ಯಾಕೆ, ಉಸ್ತಾದ್? ಹೊತ್ತು ಹಿಡಿಯುತ್ತೆ."

"ಕೊರೆದ ಚೂರು ಒಳಗೇ ಉಳಿದ್ರೆ ಟ್ಯಾಪು ಮುರಿಯುತ್ತೆ."

ತಿರುಗಿಸುತ್ತಾ ತಿರುಗಿಸುತ್ತಾ ಹಿಡಿಯ ಮೇಲೆ 'ತಿ' ಅಂತ ಗೀಚಿದ್ದು ಕಂಡಿತು.

"ಇದು ತಿಪ್ಪೇಶಣ್ಣಂದಲ್ವಾ?"

ತಿಪ್ಪೇಶ ಈ ಇಬ್ಬರು ಹುಡುಗರಿಗಿಂತ ಮುಂಚಿನ ಶಿಷ್ಯ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟುಹೋದವನು. ಉಸ್ತಾದರ ಮಗಳಿಗೆ ಚೀಟಿ ಬರೆದಿದ್ದ ಅಂತ ಚಾದಂಗಡಿ ಹೇಳುತ್ತಿತ್ತು. ಕುಡಿದು ಬಂದು ಉಸ್ತಾದರ ಮೇಲೆ ಕೈ ಎತ್ತಿದ್ದ ಅಂತ ಟೈರಿನಂಗಡಿ. ಪಾಪ, ಯಾರ ನಾಲಿಗೆಗೂ ಉಪ್ಪುಖಾರ ಕಮ್ಮಿಯಿರಲಿಲ್ಲ.

"ಅವನದೇ," ಅಂದರು ಉಸ್ತಾದರು. "ಇಂಥದೇ ಒಂದು ಬೋಲ್ಟಿಗೆ ಅವನನ್ನ ಬಿಡಿಸಿದೆ. ಹಿಂಗೇ ಗಾಡಿ ಕುದ್ದು ಬಂತು. ಓನರ್ ಎದುರಿಗೆ ಅವನ ಹೆಸರು ಹೇಳಿದೆ."

"ಅಷ್ಟು ಕೆಡಿಸಿದ್ನಾ?"

"ಕೆಡಿಸಿದ್ದು ಈ ಕೈ."

ಟ್ಯಾಪು ನಿಂತಿತು.

"ಮತ್ತೆ ಅವನು ಸುಮ್ಮನಿದ್ನಾ?"

"'ಹೌದು, ನಾನೇ' ಅಂತ ಒಪ್ಪಿಕೊಂಡ. ಟ್ಯಾಪು ಒರೆಸಿ ಜಾಗಕ್ಕಿಟ್ಟು ಹೋದ. ತಿರುಗಿಸು, ನಿಲ್ಲಿಸಬೇಡ."

ಓಬಳೇಶ ತಿರುಗಿಸಿದ. ಅರ್ಧ ಮುಂದೆ, ಕಾಲು ಹಿಂದೆ. ಕೊನೆಗೆ ಚೂರೆಲ್ಲ ಊದಿ, ತೂತು ಹಳೇ ಅಳತೆಗೆ ಬರಲೆಂದು ಉಸ್ತಾದರು ಕೊಟ್ಟ ಉಕ್ಕಿನ ಸುರುಳಿಯನ್ನು ಹೊಸ ಥ್ರೆಡ್ಡಿನೊಳಗೆ ಇಳಿಸಿದ.

"ಆಮೇಲಾದ್ರೂ ಹೋಗಿ ನಿಜ ಹೇಳಲಿಲ್ವಾ, ಉಸ್ತಾದ್?"

"ಹೋಗಿದ್ದೆ, ಹೋದ ಶ್ರಾವಣದಲ್ಲಿ. ಅಂಗಳದಲ್ಲಿ ಅವನಿಗೇ ಚಟ್ಟ ಕಟ್ಟುತ್ತಿದ್ದರು. ಅವರವ್ವ ನನ್ನ ಕಂಡು, 'ಬಂದ್ರಾ ಉಸ್ತಾದ್, ನಿಮ್ಮನ್ನೇ ನೆನೀತಿದ್ದ' ಅಂತ ಕೂರೋಕೆ ಚಾಪೆ ಹಾಸಿದಳು."

ಅಷ್ಟರಲ್ಲಿ ಹಾಲಪ್ಪ ಎಲೆಯಡಿಕೆ ಉಗುಳುತ್ತಾ ಬಂದ. "ಏನ್ರೀ ಸಾಬ್ರೇ, ಆ ವೀರಭದ್ರನ್ನ ಬಿಡಿಸ್ತೀರೋ ಇಲ್ಲೋ? ಓನರು ಫೋನಲ್ಲಿದ್ದಾರೆ."

ಉಸ್ತಾದರು ಹೊಳೆಯ ಕಡೆ ನೋಡುತ್ತಾ ಕೂತಿದ್ದರು.

ಓಬಳೇಶ ಹೊಸ ಬೋಲ್ಟನ್ನು ತೂತಿನ ಬಾಯಿಗಿಟ್ಟು ಬೆರಳಲ್ಲೇ ತಿರುಗಿಸಿದ. ನೆಟ್ಟಗೆ ಕೂತಿತು. ಎದ್ದು ನಿಂತ.

"ಹಾಲಪ್ಪಣ್ಣ, ಪಂಪ್ ಕೂರ್ಸಿದ್ದು ನಾನು. ಕೆಡಿಸಿ ದಾರ ಸುತ್ತಿದ್ದೂ ನಾನೇ. ವೀರಭದ್ರ ಇದನ್ನ ಮುಟ್ಟೇ ಇಲ್ಲ."

"ಥೂ ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಹಾಲಪ್ಪ ಫೋನು ಕಿವಿಗಿಟ್ಟುಕೊಂಡು, ಅವನ ಏಳು ತಲೆಮಾರನ್ನು ಬೈಯುತ್ತಾ ರಸ್ತೆಯ ಕಡೆ ಹೋದ.

ಓಬಳೇಶ ಉಸ್ತಾದರ ಮುಂದೆ ಕುಕ್ಕರಗಾಲಲ್ಲಿ ಕೂತ. "ನನ್ನನ್ನ ಬಿಡಿಸ್ತೀರಾ, ಉಸ್ತಾದ್?"

ಉಸ್ತಾದರು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟರು.

"ಆ ನಿಜ ಹೇಳೋಕೆ ಎಷ್ಟು ಹೊತ್ತು ಹಿಡೀತಪ್ಪಾ ನಿನಗೆ?"

"ಎರಡು ಉಸಿರಿನಷ್ಟು."

"ನನಗೆ ಹನ್ನೊಂದು ವರ್ಷ ಸಾಲಲಿಲ್ಲ."